ಜೀನ್ ಒಳಹೊಕ್ಕರೆ ಸಾಲದು: ರಕ್ತದ ಆಕರಕೋಶ ತನ್ನನ್ನು ತಾನು ಕಾಯುವ ಬಗೆ

ಥಲಸ್ಸೇಮಿಯಾ ಇರುವ ಮಗುವನ್ನು ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಲು ಸಾಗರದಿಂದಲೋ ಹೊಸನಗರದಿಂದಲೋ ಶಿವಮೊಗ್ಗಕ್ಕೆ ಕರೆತರುವ ತಂದೆತಾಯಿ ಜೀನ್ ಥೆರಪಿಯ, ಅಂದರೆ ಕೋಶದ ಜೀನನ್ನೇ ಸರಿಪಡಿಸುವ ಚಿಕಿತ್ಸೆಯ, ಸುದ್ದಿ ಓದಿದಾಗ ಏಳುವ ಪ್ರಶ್ನೆ ಇದು: ಜೀನ್ ಒಯ್ಯಲು ವೈರಸ್ ಬಳಸ್ತಾರಂತಲ್ಲ, ಮೈ ಅದನ್ನ ಸುಮ್ನೆ ಬಿಡತ್ತಾ? ಪ್ರಶ್ನೆ ಸರಿಯಾಗಿದೆ. ಬಿಡುವುದಿಲ್ಲ. ಆದರೆ ವಿರೋಧ ಬರುವ ಜಾಗ ಬೇರೆ. ಈ ಚಿಕಿತ್ಸೆಯ ಈಗಿನ ರೂಪದಲ್ಲಿ ವೈರಸ್ಸೂ ಕೋಶವೂ ಎದುರಾಗುವುದು ಲ್ಯಾಬಿನ ಚೀಲದಲ್ಲಿ. ಅಲ್ಲಿ ಪ್ರತಿಕಾಯಗಳಿಲ್ಲ, ಟಿ ಕೋಶಗಳ ಪಡೆಯೂ ಇಲ್ಲ. ಆದರೂ ರಕ್ತದ ಆಕರಕೋಶ, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಸ್ಟೆಮ್ ಸೆಲ್, ತನ್ನೊಳಗೇ ಕಾವಲಿಟ್ಟುಕೊಂಡಿದೆ. ಲಸಿಕೆಯಿಂದಾಗಲಿ ಹಿಂದಿನ ಸೋಂಕಿನಿಂದಾಗಲಿ ಕಲಿಯಬೇಕಾಗಿಲ್ಲದ, ಗಂಟೆಗಳೊಳಗೆ ಎಚ್ಚರಗೊಳ್ಳುವ ಈ ಕಾವಲನ್ನೇ ಜನ್ಮಜಾತ ರೋಗನಿರೋಧಕ ವ್ಯವಸ್ಥೆ ಎನ್ನುತ್ತಾರೆ. ಚಿಕಿತ್ಸೆ ಫಲಿಸುವುದು, ಅರೆಬರೆಯಾಗುವುದು, ಕೈಕೊಡುವುದು ಬಹುಮಟ್ಟಿಗೆ ಅದರ ಮೇಲೆ ನಿಂತಿದೆ.

ಮೂಳೆಮಜ್ಜೆಯ ಕೋಶಗಳಲ್ಲಿ ಸಿಡಿ34 ಎಂಬ ಗುರುತು ಹೊತ್ತವು ಸುಮಾರು ನೂರಕ್ಕೆ ಒಂದು. ಅವುಗಳಲ್ಲೂ ಬಹುಪಾಲು ಅಲ್ಪಾಯುಷಿಗಳು: ಕೆಲವು ವಾರ ಅಥವಾ ಕೆಲವು ತಿಂಗಳು ರಕ್ತ ಕೊಟ್ಟು ಮುಗಿದುಹೋಗುತ್ತವೆ. ಜೀವನವಿಡೀ ರಕ್ತ ಹುಟ್ಟಿಸುವ ನಿಜವಾದ ಆಕರಕೋಶಗಳು ಇವುಗಳ ನಡುವೆ ಅಡಗಿರುವ ಚಿಕ್ಕ ಪಾಲು. ಹೆಚ್ಚು ಕಾಲ ಅವು ವಿಭಜನೆಯಾಗದೆ ಮಲಗಿರುತ್ತವೆ. ಗೊಂದಲ ಹುಟ್ಟುವುದು ಇಲ್ಲಿಯೇ. ಲ್ಯಾಬಿನಲ್ಲಿ ಮೂರನೆಯ ದಿನ ಅಳೆದು "ಇಷ್ಟು ಶೇಕಡಾ ಕೋಶಗಳಿಗೆ ಜೀನ್ ಸೇರಿದೆ" ಎಂದರೆ ಆ ಎಣಿಕೆಯಲ್ಲಿ ಅಲ್ಪಾಯುಷಿಗಳೇ ತುಂಬಿರುತ್ತವೆ. ಅವು ಸುಲಭವಾಗಿ ವೈರಸ್ಸನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಮಲಗಿದ ಕೋಶಗಳು ಬಿಡುವುದಿಲ್ಲ. ಬಿಟ್ಟರೂ ಆಮೇಲೆ ಬೆಲೆ ತೆರುತ್ತವೆ. ಹಾಗಾಗಿ ಡಿಶ್‌ನಲ್ಲಿ ಎದೆಯುಬ್ಬಿಸುವ ಅಂಕಿ ಆರು ತಿಂಗಳಲ್ಲಿ ರೋಗಿಯ ರಕ್ತದಲ್ಲಿ ಕುಸಿಯಬಹುದು. ತಿದ್ದುಪಡಿಯಾದ ಕೋಶ ಎಷ್ಟು ಎಂದು ಕೇಳುವುದಕ್ಕಿಂತ, ತಿದ್ದುಪಡಿಯಾದ ಮೇಲೂ ಆಕರಕೋಶವಾಗಿಯೇ ಉಳಿದದ್ದು ಎಷ್ಟು ಎಂದು ಕೇಳುವುದು ಮುಖ್ಯ.

ಚಿಕಿತ್ಸೆ ನಡೆಯುವ ಕ್ರಮ

ಮೊದಲು ಕೋಶಗಳನ್ನು ಮಜ್ಜೆಯಿಂದ ರಕ್ತಕ್ಕೆ ಇಳಿಸಬೇಕು. ಫಿಲ್ಗ್ರಾಸ್ಟಿಮ್ ಚುಚ್ಚುಮದ್ದನ್ನು ಸಾಮಾನ್ಯವಾಗಿ ಕಿಲೋ ತೂಕಕ್ಕೆ 10 ಮೈಕ್ರೋಗ್ರಾಂನಂತೆ ನಾಲ್ಕೈದು ದಿನ ಕೊಟ್ಟು, ಜೊತೆಗೆ ಕಿಲೋಗೆ 0.24 ಮಿಲಿಗ್ರಾಂನಂತೆ ಪ್ಲೆರಿಕ್ಸಾಫೋರ್ ಕೊಡುತ್ತಾರೆ. ಕುಡಗೋಲು ಕಣ ರೋಗದವರಿಗೆ, ಅಂದರೆ ಸಿಕಲ್ ಸೆಲ್ ಇರುವವರಿಗೆ, ಫಿಲ್ಗ್ರಾಸ್ಟಿಮ್ ಕೊಡಬಾರದು. ಬಿಳಿರಕ್ತಕಣ ಏರಿ ರಕ್ತನಾಳ ಕಟ್ಟಿಕೊಂಡು ಪ್ರಾಣಕ್ಕೆ ಅಪಾಯವಾಗಬಹುದು, ಹಾಗಾಗಿ ಅವರಿಗೆ ಪ್ಲೆರಿಕ್ಸಾಫೋರ್ ಒಂದೇ. ಅಫೆರೆಸಿಸ್ ಯಂತ್ರದಲ್ಲಿ ರಕ್ತ ಹರಿಸಿ ಬಿಳಿಕೋಶಗಳನ್ನು ಎತ್ತಿ, ಕಾಂತೀಯ ಮಣಿಗಳಿಂದ ಸಿಡಿ34 ಕೋಶಗಳನ್ನು ಬೇರ್ಪಡಿಸುತ್ತಾರೆ.

ಪ್ರಮಾಣ ಗಮನಿಸಿ. 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಒಪ್ಪಿಗೆ ಪಡೆದ, ಜೀನ್ ತಿದ್ದುವ ಚಿಕಿತ್ಸೆ ಕ್ಯಾಸ್‌ಜೆವಿಗೆ ಕಿಲೋ ತೂಕಕ್ಕೆ ಕನಿಷ್ಠ 30 ಲಕ್ಷ ಸಿಡಿ34 ಕೋಶ ಬೇಕು. ಥಲಸ್ಸೇಮಿಯಾಕ್ಕೆ 2022ರಲ್ಲಿ ಅಮೆರಿಕದ ಒಪ್ಪಿಗೆ ಪಡೆದ, ವೈರಸ್ಸಿನಿಂದ ಜೀನ್ ಸೇರಿಸುವ ಚಿಕಿತ್ಸೆ ಜಿಂಟೆಗ್ಲೋಗೆ ಕನಿಷ್ಠ 50 ಲಕ್ಷ. 20 ಕಿಲೋ ತೂಕದ ಮಗು ಎಂದುಕೊಂಡು ಲೆಕ್ಕ ಹಾಕಿದರೆ ಅದು 6 ಕೋಟಿ, ಇದು 10 ಕೋಟಿ. ದಾರಿಯುದ್ದಕ್ಕೂ ನಷ್ಟವಾಗುವುದರಿಂದ ಸಂಗ್ರಹ ಇದಕ್ಕಿಂತ ಬಹಳ ಹೆಚ್ಚಿರಬೇಕು. ತಿದ್ದಿದ ಕೋಶ ಕೈಕೊಟ್ಟರೆ ಪ್ರಾಣ ಉಳಿಸಲು ತಿದ್ದದೇ ಇರುವ ಒಂದು ಪಾಲನ್ನೂ ಬೇರೆ ಇಡಬೇಕು.

ಬೇರ್ಪಡಿಸಿದ ಕೋಶಗಳನ್ನು ಎಸ್‌ಸಿಎಫ್, ಟಿಪಿಒ, ಎಫ್‌ಎಲ್‌ಟಿ3 ಲಿಗ್ಯಾಂಡ್ ಎಂಬ ಬೆಳವಣಿಗೆ ಅಂಶಗಳಿರುವ ದ್ರವದಲ್ಲಿ ಒಂದೆರಡು ದಿನ ಇಡುತ್ತಾರೆ. ಪ್ರಮಾಣ ಸಾಮಾನ್ಯವಾಗಿ ಮಿಲಿಲೀಟರಿಗೆ 100ರಿಂದ 300 ನ್ಯಾನೋಗ್ರಾಂ. ಇದಕ್ಕೆ ಕಾರಣವಿದೆ. ಜೀನ್ ಒಯ್ಯುವ ವಾಹಕ ವೈರಸ್ಸಿಗೆ, ಅಂದರೆ ಲೆಂಟಿವೈರಲ್ ವೆಕ್ಟರಿಗೆ, ತೊಡಿಸುವ ವಿಎಸ್‌ವಿ-ಜಿ ಎಂಬ ಹೊರಕವಚ ಕೋಶದ ಮೇಲಿನ ಎಲ್‌ಡಿಎಲ್ ಗ್ರಾಹಕವನ್ನು, ಅಂದರೆ ಕೊಲೆಸ್ಟರಾಲ್ ಕಣಗಳನ್ನು ಒಳಗೆ ಸೆಳೆಯುವ ಪ್ರೋಟೀನನ್ನು, ಹಿಡಿದು ಒಳಹೋಗುತ್ತದೆ. ಮಲಗಿದ ಕೋಶದ ಮೇಲೆ ಆ ಗ್ರಾಹಕ ತೀರಾ ಕಡಿಮೆ, ಎಚ್ಚರಿಸಿದರೆ ಹೆಚ್ಚುತ್ತದೆ. ಆದರೆ ಎಚ್ಚರಿಸುವುದೇ ಒಂದು ನಷ್ಟ. ಎದ್ದ ಕೋಶ ಬೇರೆ ಬೇರೆ ರಕ್ತಕಣವಾಗುವ ದಾರಿ ಹಿಡಿಯುತ್ತದೆ, ಡಿಶ್‌ನಲ್ಲಿ ಕಳೆದ ಪ್ರತಿ ದಿನವೂ ಅದರ ಆಕರಗುಣ ಸವೆಯುತ್ತದೆ. ಆಮೇಲೆ ವೆಕ್ಟರ್ ಸೇರಿಸುವುದು, ಹಲವು ವಿಧಾನಗಳಲ್ಲಿ ಕೋಶವೊಂದಕ್ಕೆ 100 ಸೋಂಕುಕಾರಕ ಕಣಗಳ ಲೆಕ್ಕದಲ್ಲಿ, ಒಂದು ಅಥವಾ ಎರಡು ಸಲ. ಒಟ್ಟು 60 ಗಂಟೆಗಳ ಆಸುಪಾಸು. ಬಳಿಕ ಮೈನಸ್ 135 ಡಿಗ್ರಿಗಿಂತ ಕೆಳಗೆ ಶೈತ್ಯೀಕರಣ, ಪರೀಕ್ಷೆಗಳು. ಅತ್ತ ರೋಗಿಗೆ ನಾಲ್ಕು ದಿನ ಬುಸಲ್ಫಾನ್ ಎಂಬ ಕೀಮೋಥೆರಪಿ ಮದ್ದು ಕೊಟ್ಟು ಹಳೆಯ ಮಜ್ಜೆ ಖಾಲಿ ಮಾಡಿ, ತಿದ್ದಿದ ಕೋಶಗಳನ್ನು ನರದ ಮೂಲಕ ಹರಿಸುತ್ತಾರೆ. ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣದ ಎಣಿಕೆ ಮೈಕ್ರೋಲೀಟರಿಗೆ 500 ದಾಟಿ ಮೂರು ದಿನ ನಿಂತರೆ ಕೋಶ ನೆಲೆಯೂರಿದೆ ಎಂದರ್ಥ. ಸಾಮಾನ್ಯವಾಗಿ ಇದಕ್ಕೆ ನಾಲ್ಕು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಸಣ್ಣ ಸೋಂಕೂ ದೊಡ್ಡದೇ.

ಒಳಹೋಗುವಾಗಲೇ ಮೊದಲ ತಡೆ

ಕೋಶದೊಳಗೆ ಎಳೆದುಕೊಂಡ ವೈರಸ್ ಮೊದಲು ಎಂಡೋಸೋಮ್ ಎಂಬ ಪೊರೆಚೀಲದಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿನ ಆಮ್ಲೀಯತೆ ಹೆಚ್ಚಿದಂತೆ ವಿಎಸ್‌ವಿ-ಜಿ ರೂಪ ಬದಲಿಸಿ ವೈರಸ್ಸಿನ ಪೊರೆಯನ್ನು ಚೀಲದ ಪೊರೆಗೆ ಬೆಸೆಯಬೇಕು. ಆಗ ಮಾತ್ರ ಸರಕು ಹೊರಬೀಳುತ್ತದೆ. ಐಎಫ್‌ಐಟಿಎಂ3 ಎಂಬ ಪ್ರೋಟೀನು ಆ ಪೊರೆಯಲ್ಲೇ ಕುಳಿತು ಬೆಸುಗೆಗೆ ಅಡ್ಡಬರುತ್ತದೆ. ಇನ್‌ಫ್ಲುಯೆಂಜಾ, ಡೆಂಗಿ ವೈರಸ್‌ಗಳಿಗೂ ಅಡ್ಡನಿಲ್ಲುವ ಪ್ರೋಟೀನು ಇದೇ. ಬೇರೆ ಕೋಶಗಳಲ್ಲಿ ಇದು ಹೆಚ್ಚಾಗಲು ಇಂಟರ್ಫೆರಾನಿನ, ಅಂದರೆ ವೈರಸ್ ಬಂದಿದೆ ಎಂದು ಕೋಶಗಳು ಸಾರುವ ಪ್ರೋಟೀನಿನ, ಸೂಚನೆ ಬೇಕು. ರಕ್ತದ ಆಕರಕೋಶದಲ್ಲಿ ಸೂಚನೆಯಿಲ್ಲದೆಯೂ ಯಾವಾಗಲೂ ಸಿದ್ಧವಿರುತ್ತದೆ. ಜೀವಮಾನಕ್ಕೆ ಬೇಕಾದ ಕೋಶವನ್ನು ದೇಹ ಸೋಂಕಿನಿಂದ ಕಾಪಾಡುವ ರೀತಿ ಅದು. ಚಿಕಿತ್ಸೆಗೆ ಅದೇ ತೊಡಕು.

ಇಟಲಿಯ ಮಿಲಾನಿನ ಸಂಶೋಧಕರು 2018ರಲ್ಲಿ ಸೈಕ್ಲೋಸ್ಪೋರಿನ್ ಎಚ್ ಎಂಬ ಸಣ್ಣ ಅಣು ಈ ತಡೆಯನ್ನು ತಾತ್ಕಾಲಿಕವಾಗಿ ಸಡಿಲಿಸುತ್ತದೆ ಎಂದು ತೋರಿಸಿದರು. ಕಿಡ್ನಿ ಕಸಿಯಾದವರು ನುಂಗುವ ಸೈಕ್ಲೋಸ್ಪೋರಿನ್ ಎ ಇದರ ಸಹೋದರ ಅಣು. ಆದರೆ ಎಚ್ ರೂಪಕ್ಕೆ ಟಿ ಕೋಶಗಳನ್ನು ಅಡಗಿಸುವ ಗುಣವಿಲ್ಲ. ವೆಕ್ಟರ್ ಸೇರಿಸುವ ಹೊತ್ತಿಗೆ ಮಾತ್ರ ಇದನ್ನು ಹಾಕಿ, ಆಮೇಲೆ ತೊಳೆದುಬಿಡುತ್ತಾರೆ. ಪೊಲೊಕ್ಸಾಮರ್, ಪ್ರೋಟಮೀನ್ ಸಲ್ಫೇಟ್, ಪ್ರೊಸ್ಟಾಗ್ಲಾಂಡಿನ್ ಇ2 ಇವೂ ಬಳಕೆಯಲ್ಲಿರುವ ಸಹಾಯಕಗಳು. ಅವು ಕೆಲಸ ಮಾಡುವ ಬಗೆ ಬೇರೆ. ಇಂಥವನ್ನೆಲ್ಲ ಒಟ್ಟಾಗಿ ಎನ್‌ಹ್ಯಾನ್ಸರ್ ಎನ್ನುತ್ತಾರೆ.

ಎನ್‌ಹ್ಯಾನ್ಸರಿನ ಮಹತ್ವ ನಮ್ಮ ದೇಶದ ಒಂದು ಕೆಲಸದಲ್ಲಿ ಕಾಣುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ತೀವ್ರ ಹಿಮೋಫೀಲಿಯಾ ಎ (ರಕ್ತ ಹೆಪ್ಪುಗಟ್ಟದ ಕಾಯಿಲೆ) ಇರುವ ಐವರಿಗೆ ಅವರವರ ಆಕರಕೋಶಕ್ಕೇ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಾದ ಫ್ಯಾಕ್ಟರ್ 8ರ ಜೀನನ್ನು ಲೆಂಟಿವೈರಲ್ ವೆಕ್ಟರಿನಿಂದ ಸೇರಿಸಿ ಕೊಟ್ಟ ಫಲಿತಾಂಶ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಮೊದಲ ಇಬ್ಬರಿಗೆ ಎನ್‌ಹ್ಯಾನ್ಸರ್ ಇಲ್ಲದೆ, ಮುಂದಿನ ಮೂವರಿಗೆ ಸೇರಿಸಿ. ಮೊದಲ ಇಬ್ಬರಲ್ಲಿ ಫ್ಯಾಕ್ಟರ್ 8ರ ಮಧ್ಯಮ ಮಟ್ಟ ಡೆಸಿಲೀಟರಿಗೆ 5.2 ಮತ್ತು 1.7 ಯೂನಿಟ್. ಮೂವರಲ್ಲಿ 37.1, 19.3 ಮತ್ತು 39.9. ನೆಲೆಯೂರಿದ ಮೇಲೆ ಐವರಲ್ಲೂ ರಕ್ತಸ್ರಾವದ ಪ್ರಸಂಗ ದಾಖಲಾಗಲಿಲ್ಲ. ಐದು ಜನರ ಲೆಕ್ಕ ಚಿಕ್ಕದು ನಿಜ, ಆದರೂ ವೆಕ್ಟರ್ ಒಂದೇ ಇದ್ದು ಕೋಶದ ತಡೆಯನ್ನು ನಿಭಾಯಿಸುವ ಬಗೆ ಬದಲಾದರೆ ಅಂತರ ಎಷ್ಟಾಗಬಹುದು ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ಸಿಗುವುದು ಕಷ್ಟ.

ಕ್ಯಾಸನೂರಿನ ವೈರಸ್ಸಿಗೂ ಎದುರಾಗುವ ಪ್ರೋಟೀನು

ಎಂಡೋಸೋಮ್ ದಾಟಿದ ವೆಕ್ಟರಿನ ಒಳಕವಚ, ಅಂದರೆ ಕ್ಯಾಪ್ಸಿಡ್, ಕೋಶದ್ರವಕ್ಕೆ ಬಂದಾಗ ಎದುರಾಗಬಹುದಾದ ಇನ್ನೊಂದು ಕಾವಲು ಟ್ರಿಮ್5ಆಲ್ಫಾ. 2004ರಲ್ಲಿ ರೀಸಸ್ ಕೋತಿಗಳ ಕೋಶದಲ್ಲಿ ಎಚ್‌ಐವಿ ಬೆಳೆಯದಿರುವ ಕಾರಣ ಹುಡುಕುವಾಗ ಇದು ಸಿಕ್ಕಿತು. ಕ್ಯಾಪ್ಸಿಡ್ಡಿನ ಜಾಲರಿಯನ್ನು ಹಿಡಿದು ಅಕಾಲದಲ್ಲಿ ಒಡೆದುಬಿಡುವುದು ಇದರ ಕೆಲಸ. ಮನುಷ್ಯರ ಟ್ರಿಮ್5ಆಲ್ಫಾ ಎಚ್‌ಐವಿಯ ಕ್ಯಾಪ್ಸಿಡ್ಡನ್ನು ಗಟ್ಟಿಯಾಗಿ ಹಿಡಿಯಲಾರದು. ಎಚ್‌ಐವಿಯನ್ನು ನಿರಪಾಯ ಮಾಡಿ ತಯಾರಿಸಿದ ಲೆಂಟಿವೈರಲ್ ವೆಕ್ಟರ್ ನಮ್ಮ ಕೋಶದಲ್ಲಿ ಕೆಲಸ ಮಾಡಲು ಅದೂ ಒಂದು ಕಾರಣ. ರೀಸಸ್ ಕೋತಿಯಲ್ಲಿ ಅದೇ ವೆಕ್ಟರನ್ನು ಪರೀಕ್ಷಿಸಿದರೆ ಫಲ ತಗ್ಗುತ್ತದೆ. ಈ ಕಾವಲು ಕೆಲಸ ಮಾಡದ ಪಿಗ್‌ಟೇಲ್ ಮಕಾಕ್ ಕೋತಿಗಳನ್ನು ಆರಿಸುವುದೋ, ಕ್ಯಾಪ್ಸಿಡ್ಡನ್ನೇ ಬದಲಿಸುವುದೋ ಮಾಡಬೇಕಾಗುತ್ತದೆ. ಪ್ರಾಣಿಪ್ರಯೋಗದ ಫಲಿತಾಂಶವನ್ನು ಓದುವವರು ಯಾವ ಕೋತಿ ಎಂದು ಮೊದಲು ನೋಡಬೇಕು.

ಮಲೆನಾಡಿನವರಿಗೆ ಇದರಲ್ಲಿ ಹತ್ತಿರದ ಸಂಗತಿಯೊಂದಿದೆ. ಈ ಪ್ರೋಟೀನು ಎಚ್‌ಐವಿಯ ಬಳಗವನ್ನಷ್ಟೇ ತಡೆಯುತ್ತದೆ ಎಂದು ಬಹಳ ಕಾಲ ನಂಬಲಾಗಿತ್ತು. ಉಣುಗಿನಿಂದ ಹರಡುವ ಎನ್ಸೆಫಲೈಟಿಸ್ ಗುಂಪಿನ ಫ್ಲಾವಿವೈರಸ್‌ಗಳನ್ನೂ ಅದು ತಡೆಯುತ್ತದೆ ಎಂದು 2019ರಲ್ಲಿ ಗೊತ್ತಾಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಅದೇ ಗುಂಪಿನದು. ಇಲ್ಲಿ ಅದು ಹಿಡಿಯುವುದು ಕವಚವನ್ನಲ್ಲ, ವೈರಸ್ಸಿನ ಪ್ರೋಟಿಯೇಸ್ ಕಿಣ್ವವನ್ನು. ಹಿಡಿದು ನಾಶಕ್ಕೆ ಗುರುತು ಹಾಕುತ್ತದೆ. ಸೊಳ್ಳೆಯಿಂದ ಬರುವ ಡೆಂಗಿ, ಜೀಕಾ ವೈರಸ್‌ಗಳು ಅದಕ್ಕೆ ಜಗ್ಗುವುದಿಲ್ಲ. ಕಾಡಿನ ಕಾಯಿಲೆಯನ್ನು ಎದುರಿಸಲು ಕೋಶದಲ್ಲಿರುವ ಸಲಕರಣೆಯೂ ಲ್ಯಾಬಿನಲ್ಲಿ ವೆಕ್ಟರಿಗೆ ಅಡ್ಡನಿಲ್ಲುವ ಸಲಕರಣೆಯೂ ಒಂದೇ ಪೆಟ್ಟಿಗೆಯವು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಜೀವತಂತ್ರಜ್ಞಾನ ಓದುವ ವಿದ್ಯಾರ್ಥಿಗಳು ಈ ಎರಡು ವಿಷಯಗಳನ್ನು ಬೇರೆ ಬೇರೆ ಅಧ್ಯಾಯವಾಗಿ ಓದದೆ ಒಟ್ಟಿಗಿಟ್ಟು ಓದಬೇಕು ಎನ್ನುವುದು ನಮ್ಮ ಅಭಿಪ್ರಾಯ.

ಹೊರಗಿನ ಡಿಎನ್‌ಎ, ಹೊರಗಿನ ಆರ್‌ಎನ್‌ಎ

ಮೂರನೆಯದು ನ್ಯೂಕ್ಲಿಕ್ ಆಮ್ಲವನ್ನು ಮೂಸಿ ನೋಡುವ ಸಂವೇದಕಗಳ ಗುಂಪು. ಕೋಶದ್ರವದಲ್ಲಿ ಡಿಎನ್‌ಎ ಕಂಡರೆ ಸಿಗ್ಯಾಸ್-ಸ್ಟಿಂಗ್, ತುದಿಯಲ್ಲಿ ಮೂರು ಫಾಸ್ಫೇಟ್ ಹೊತ್ತ ಆರ್‌ಎನ್‌ಎ ಕಂಡರೆ ರಿಗ್-ಐ, ಉದ್ದನೆಯ ಜೋಡೆಳೆ ಆರ್‌ಎನ್‌ಎಗೆ ಎಂಡಿಎ5, ಎಂಡೋಸೋಮಿನಲ್ಲಿ ಟಿಎಲ್‌ಆರ್ ಬಳಗ. ಎಲ್ಲದರ ಕೊನೆಯ ಕರೆ ಒಂದೇ, ಇಂಟರ್ಫೆರಾನ್.

ಇಂಟರ್ಫೆರಾನ್ ಬಂದರೆ ಆಕರಕೋಶಕ್ಕೇನು ನಷ್ಟ? ಇಲಿಗಳಲ್ಲಿ ಇಂಟರ್ಫೆರಾನ್ ಆಲ್ಫಾ ಮಲಗಿದ ಆಕರಕೋಶವನ್ನು ಎಬ್ಬಿಸಿ ವಿಭಜನೆಗೆ ತಳ್ಳುತ್ತದೆ ಎಂದು 2009ರಲ್ಲಿ ಸ್ಪಷ್ಟವಾಯಿತು. ಒಮ್ಮೆ ಎಬ್ಬಿಸಿದರೆ ಸುಧಾರಿಸಿಕೊಳ್ಳುತ್ತದೆ. ಮೇಲಿಂದ ಮೇಲೆ ಎಬ್ಬಿಸಿದರೆ ಸೋತುಹೋಗುತ್ತದೆ, ಮಜ್ಜೆಯಲ್ಲಿ ಮತ್ತೆ ನೆಲೆಯೂರುವ ಶಕ್ತಿ ಕಳೆದುಕೊಳ್ಳುತ್ತದೆ. ಮೇಲಾಗಿ ಇಂಟರ್ಫೆರಾನ್ ಐಎಫ್‌ಐಟಿಎಂ3ಯಂಥ ತಡೆಗಳನ್ನು ಇನ್ನಷ್ಟು ಹೆಚ್ಚಿಸುವುದರಿಂದ ಎರಡನೆಯ ಸಲ ವೆಕ್ಟರ್ ಹಾಕಿದಾಗ ಒಳಹೋಗುವುದು ಇನ್ನೂ ಕಷ್ಟ.

ಲೆಂಟಿವೈರಲ್ ವೆಕ್ಟರ್ ಈ ವಿಷಯದಲ್ಲಿ ಅನುಕೂಲಕರ. ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಬರೆದುಕೊಳ್ಳುವ ಕೆಲಸವನ್ನು ಕ್ಯಾಪ್ಸಿಡ್ಡಿನ ಒಳಗೇ ನಡೆಸುವುದರಿಂದ ಸಿಗ್ಯಾಸ್ ಕಣ್ಣಿಗೆ ಬೀಳುವುದಿಲ್ಲ. 2017ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಹಳೆಯ ತಲೆಮಾರಿನ ಗಾಮಾ-ರೆಟ್ರೋವೈರಲ್ ವೆಕ್ಟರ್ ಮನುಷ್ಯರ ಆಕರಕೋಶದಲ್ಲಿ ಇಂಟರ್ಫೆರಾನ್ ಎಬ್ಬಿಸಿತು, ಶುದ್ಧ ಲೆಂಟಿವೈರಲ್ ವೆಕ್ಟರ್ ಎಬ್ಬಿಸಲಿಲ್ಲ. ಶುದ್ಧ ಎಂಬ ಮಾತಿಗೆ ಇಲ್ಲಿ ತೂಕವಿದೆ. ವೆಕ್ಟರ್ ತಯಾರಿಸುವ ಕೋಶಗಳು ವೆಕ್ಟರಿನ ಜೊತೆಗೆ ವಿಎಸ್‌ವಿ-ಜಿ ಹೊದ್ದ ಖಾಲಿ ಪೊರೆಗುಳ್ಳೆಗಳನ್ನೂ ಉದುರಿಸುತ್ತವೆ. ಅವುಗಳೊಳಗೆ ತಯಾರಿಕೆಗೆ ಬಳಸಿದ ಪ್ಲಾಸ್ಮಿಡ್ ಎಂಬ ಉಂಗುರಾಕಾರದ ಡಿಎನ್‌ಎ ಸೇರಿಕೊಂಡಿರುತ್ತದೆ. ಅದು ಟಿಎಲ್‌ಆರ್9ಅನ್ನು ಕೆರಳಿಸುತ್ತದೆ. ಜೊತೆಗೆ ಬ್ಯಾಕ್ಟೀರಿಯಾ ಮೂಲದ ಎಂಡೋಟಾಕ್ಸಿನ್ ಉಳಿದಿದ್ದರೆ ಟಿಎಲ್‌ಆರ್4. ಹಾಗಾಗಿ ನ್ಯೂಕ್ಲಿಯೇಸ್ ಕಿಣ್ವದಿಂದ ಡಿಎನ್‌ಎ ಕತ್ತರಿಸುವುದು, ಕ್ರೊಮಾಟೋಗ್ರಫಿ, ಎಂಡೋಟಾಕ್ಸಿನ್ ಪರೀಕ್ಷೆ ಇವು ಕಾಗದಕ್ಕೆ ಮಾಡುವ ವಿಧಿಗಳಲ್ಲ. ಒಂದು ಬ್ಯಾಚ್ ವೆಕ್ಟರ್ ಚೆನ್ನಾಗಿ ಕೆಲಸ ಮಾಡಿ ಮುಂದಿನದು ಕೋಶಗಳನ್ನು ಬಸವಳಿಸಿದರೆ ಮೊದಲು ನೋಡಬೇಕಾದದ್ದು ಇದನ್ನೇ.

ಜೀನನ್ನು ಬೇಕಾದ ಜಾಗದಲ್ಲಿ ಕತ್ತರಿಸಿ ತಿದ್ದುವ ಕ್ರಿಸ್ಪರ್ ಬಳಸುವವರಿಗೆ ಆರ್‌ಎನ್‌ಎಯ ಕಾಟ. ಟಿ7 ಕಿಣ್ವದಿಂದ ಲ್ಯಾಬಿನಲ್ಲೇ ನಕಲಿಸಿದ, ಕತ್ತರಿಸಬೇಕಾದ ಜಾಗ ತೋರಿಸುವ ಗೈಡ್ ಆರ್‌ಎನ್‌ಎ ತುದಿಯಲ್ಲಿ ಮೂರು ಫಾಸ್ಫೇಟ್ ಉಳಿದಿರುತ್ತದೆ. ರಿಗ್-ಐ ಅದನ್ನು ವೈರಸ್ಸೆಂದೇ ಓದುತ್ತದೆ, ಕೋಶಗಳು ಸಾಯುತ್ತವೆ. ಫಾಸ್ಫಟೇಸ್ ಕಿಣ್ವದಿಂದ ಆ ಫಾಸ್ಫೇಟುಗಳನ್ನು ತೆಗೆಯಬಹುದು. ರಾಸಾಯನಿಕವಾಗಿ ಸಂಶ್ಲೇಷಿಸಿದ, ಎರಡೂ ತುದಿಯಲ್ಲಿ 2-ಪ್ರೈಮ್-ಒ-ಮೀಥೈಲ್ ಮತ್ತು ಫಾಸ್ಫೋರೋಥಯೋಯೇಟ್ ಮಾರ್ಪಾಡಿರುವ ಗೈಡ್ ಕೊಳ್ಳುವುದು ಇನ್ನೂ ಒಳ್ಳೆಯದು, ಬಾಳಿಕೆಯೂ ಹೆಚ್ಚು. ಕತ್ತರಿಸುವ ಕಿಣ್ವ ಕ್ಯಾಸ್9ಅನ್ನು ಪ್ರೋಟೀನಾಗಿಯೇ ಗೈಡಿನ ಜೊತೆ ಕಟ್ಟಿ ವಿದ್ಯುತ್ ಮಿಡಿತದಿಂದ ಒಳಸೇರಿಸುವುದು ಆಕರಕೋಶಕ್ಕೆ ಹೊಂದುವ ಕ್ರಮ. ಪ್ಲಾಸ್ಮಿಡ್ ಡಿಎನ್‌ಎಯನ್ನು ನೇರ ಹಾಕಿದರೆ ಈ ಕೋಶಗಳು ತಡೆದುಕೊಳ್ಳುವುದಿಲ್ಲ. ಜೀನಿನ ಒಂದು ಅಕ್ಷರವನ್ನಷ್ಟೇ ಬದಲಿಸುವ ಬೇಸ್ ಎಡಿಟರಿನಂಥ ದೊಡ್ಡ ಕಿಣ್ವಗಳನ್ನು ಎಂಆರ್‌ಎನ್‌ಎ ರೂಪದಲ್ಲಿ ಕೊಡುವಾಗ ಜೋಡೆಳೆ ಕಲ್ಮಶವನ್ನು ತೆಗೆದು, ಯೂರಿಡಿನ್ ಬದಲಿಗೆ ಎನ್1-ಮೀಥೈಲ್‌ಸ್ಯೂಡೋಯೂರಿಡಿನ್ ಬಳಸಬೇಕು. ಇದರ ಮೂಲ ತಿಳಿವಿಗೆ ಕಟಲಿನ್ ಕರಿಕೊ, ಡ್ರೂ ವೈಸ್‌ಮನ್ ಅವರಿಗೆ 2023ರಲ್ಲಿ ನೊಬೆಲ್ ಬಂತು. ಬೇಸ್ ಎಡಿಟರ್ ಡಿಎನ್‌ಎಯ ಎರಡೂ ಎಳೆ ಕತ್ತರಿಸುವುದಿಲ್ಲ, ಆದ್ದರಿಂದ ಕೋಶಕ್ಕೆ ಏನೂ ಆಗದು ಎಂಬ ನಂಬಿಕೆ ಮಾತ್ರ ಸರಿಯಲ್ಲ. ಎಂಆರ್‌ಎನ್‌ಎಯಿಂದಲೇ ಇಂಟರ್ಫೆರಾನ್ ಪ್ರತಿಕ್ರಿಯೆ ಬರಬಹುದು.

ಪಿ53: ನಿಜವಾದ ಕಗ್ಗಂಟು

ಹಾನಿಯಾದ ಕೋಶದ ವಿಭಜನೆಯನ್ನು ನಿಲ್ಲಿಸುವ ಪಿ53 ಎಂಬ ಪ್ರೋಟೀನು ಪಠ್ಯಪುಸ್ತಕದಲ್ಲಿ ಕ್ಯಾನ್ಸರ್ ಅಧ್ಯಾಯದಲ್ಲಿ ಬರುತ್ತದೆ. ಆಕರಕೋಶದ ಜೀನ್ ಥೆರಪಿಯಲ್ಲಿ ಅದನ್ನು ಕಾವಲುಗಾರರ ಸಾಲಿನಲ್ಲೇ ನಿಲ್ಲಿಸಬೇಕು, ಅದೂ ಮುಂಚೂಣಿಯಲ್ಲಿ. ಇಂಟರ್ಫೆರಾನಿಗೆ ಸಿಗದ ಲೆಂಟಿವೈರಲ್ ವೆಕ್ಟರ್ ಕೂಡ ಹೆಚ್ಚು ಪ್ರಮಾಣದಲ್ಲಿ ಬಳಸಿದಾಗ ಪಿ53ಕ್ಕೆ ಸಿಕ್ಕಿಬೀಳುತ್ತದೆ. ಹೊಸದಾಗಿ ಬರೆದ ವೈರಲ್ ಡಿಎನ್‌ಎಯ ತುದಿಗಳು ಮುರಿದ ಡಿಎನ್‌ಎಯಂತೆ ಕಾಣುತ್ತವೆ. ಪಿ53 ಎದ್ದು ಪಿ21 ಎಂಬ ತಡೆ ಪ್ರೋಟೀನನ್ನು ಹೆಚ್ಚಿಸುತ್ತದೆ, ವಿಭಜನೆ ನಿಲ್ಲುತ್ತದೆ, ಕೆಲವು ಕೋಶ ಸಾಯುತ್ತವೆ.

ಕ್ರಿಸ್ಪರಿನಲ್ಲಿ ಇದು ಇನ್ನೂ ತೀವ್ರ. ಕ್ಯಾಸ್9 ಒಂದೇ ಕಡೆ ಕತ್ತರಿಸಿದರೆ ಪಿ53 ಪ್ರತಿಕ್ರಿಯೆ ಸಣ್ಣದು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಕ್ಯಾಸ್‌ಜೆವಿ ನಿಂತಿರುವುದು ಈ ಸಹನೆಯ ಮೇಲೆ: ಭ್ರೂಣದ ಹಿಮೋಗ್ಲೋಬಿನನ್ನು ಅಡಗಿಸುವ ಬಿಸಿಎಲ್11ಎ ಜೀನಿನ ಒಂದು ನಿಯಂತ್ರಕ ತುಣುಕನ್ನು ಕತ್ತರಿಸಿ, ಕೋಶ ತಾನಾಗಿ ಒರಟಾಗಿ ಜೋಡಿಸಿಕೊಳ್ಳಲು ಬಿಡುತ್ತದೆ. ಹೊಸ ಡಿಎನ್‌ಎ ಮಾದರಿಯನ್ನು ಕೊಡುವುದಿಲ್ಲ. ಆದರೆ ಕೆಟ್ಟ ಅಕ್ಷರವನ್ನು ಸರಿಯಾದ ಅಕ್ಷರದಿಂದಲೇ ತಿದ್ದಬೇಕೆಂದರೆ ಮಾದರಿ ಬೇಕು. ಆ ಮಾದರಿಯನ್ನು ಬಹುತೇಕ ಎಎವಿ6 ವೈರಸ್ಸಿನಲ್ಲಿಟ್ಟು ಕೊಡುತ್ತಾರೆ, ಕೋಶವೊಂದಕ್ಕೆ ಸಾವಿರಾರು ಪ್ರತಿಯಂತೆ, ಹಲವು ಸಲ 10,000 ದಾಟಿ. ಪ್ರತಿಯೊಂದೂ ಒಂಟಿ ಎಳೆಯ ಡಿಎನ್‌ಎ, ತುದಿಗಳಲ್ಲಿ ಮಡಚಿಕೊಂಡ ಹೇರ್‌ಪಿನ್ ರಚನೆ. ಡಿಎನ್‌ಎ ಹಾನಿ ಗುರುತಿಸುವ ಯಂತ್ರಾಂಗಕ್ಕೆ ಇದು ಸಾವಿರಾರು ಗಾಯವಾದಂತೆ. ಪಿ53 ಏರಿಕೆ ದೀರ್ಘವಾಗುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಹಾಕಿ ಸುಣ್ಣ ಕಡಿಮೆ ಮಾಡಿದರೆ ಎಳೆ ಅಡಿಕೆಯೇ ಸುಡುತ್ತದೆ ಎಂಬುದು ತೋಟದವರಿಗೆ ಗೊತ್ತು. ಎಎವಿ ಪ್ರಮಾಣ ಏರಿಸುವುದೂ ಅಂಥದ್ದೇ: ಡಿಶ್‌ನ ಶೇಕಡಾವಾರು ಏರುತ್ತದೆ, ಉಳಿಯುವ ಆಕರಕೋಶ ಇಳಿಯುತ್ತದೆ.

ಇನ್ನೊಂದು ತೊಡಕು ಇದಕ್ಕೆ ಸೇರಿಕೊಳ್ಳುತ್ತದೆ. ಮಾದರಿ ನೋಡಿ ತಿದ್ದುವ ದುರಸ್ತಿ ನಡೆಯುವುದು ಕೋಶ ಡಿಎನ್‌ಎ ನಕಲಿಸುವ ಹಂತದಲ್ಲಿ ಮತ್ತು ಅದರ ಮುಂದಿನ ಹಂತದಲ್ಲಿ ಮಾತ್ರ. ಮಲಗಿದ ಕೋಶದಲ್ಲಿ ಇಲ್ಲ. ಅಲ್ಪಾಯುಷಿ ಕೋಶಗಳಲ್ಲಿ ತಿದ್ದುಪಡಿ ಚೆನ್ನಾಗಿ ಆಗುತ್ತದೆ, ದೀರ್ಘಾಯುಷಿಗಳಲ್ಲಿ ಕಡಿಮೆ. ಇಲಿಗೆ ಕಸಿ ಮಾಡಿ 16 ವಾರದ ಮೇಲೆ ನೋಡಿದಾಗ ಅಂಕಿ ಕುಸಿದಿರುವುದು ಈ ಎರಡೂ ಕಾರಣ ಸೇರಿ.

2019ರಲ್ಲಿ ಮಿಲಾನಿನವರೇ ಜಿಎಸ್‌ಇ56 ಎಂಬ ಪಿ53 ತಡೆಯುವ ತುಣುಕನ್ನು ಎಂಆರ್‌ಎನ್‌ಎ ಆಗಿ ಕೊಟ್ಟು, ಒಂದೆರಡು ದಿನ ಮಾತ್ರ ಪಿ53ಅನ್ನು ಸುಮ್ಮನಿರಿಸಿದರೆ ಆಕರಕೋಶ ಹೆಚ್ಚು ಉಳಿಯುತ್ತದೆ ಎಂದು ತೋರಿಸಿದರು. ಕೇಳಿದ ಕೂಡಲೇ ಭಯ ಹುಟ್ಟುವುದು ಸಹಜ, ಹುಟ್ಟಲೂಬೇಕು: ಪಿ53 ಇರುವುದೇ ಹಾನಿಯಾದ ಕೋಶ ಬೆಳೆಯದಂತೆ ತಡೆಯಲು. ಹಾಗಾಗಿ ಮಾದರಿಯ ಕಡೆಯಿಂದಲೇ ಸುಧಾರಿಸುವ ದಾರಿ ನಮಗೆ ಹೆಚ್ಚು ಒಪ್ಪಿತವೆನಿಸುತ್ತದೆ. ಎಎವಿ ಪ್ರಮಾಣ ಇಳಿಸುವುದು, ಅಥವಾ ವರ್ಣತಂತುವಿಗೆ ಸೇರಿಕೊಳ್ಳಲಾರದ ಲೆಂಟಿವೈರಲ್ ವೆಕ್ಟರಿನಲ್ಲಿ ಮಾದರಿ ಕೊಡುವುದು. ಎರಡನೆಯದರಲ್ಲಿ ಹಾನಿಸೂಚನೆ ಕಡಿಮೆ, ಎಎವಿಯ ತುದಿತುಣುಕುಗಳು ಕತ್ತರಿಸಿದ ಜಾಗದಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಇಲ್ಲ. ಎಎವಿ ಬಳಸಿದಾಗ ಉಳಿದ ಕೋಶಗಳಲ್ಲಿ ಕೆಲವು ಮುಪ್ಪಿನ ಲಕ್ಷಣ ತಾಳಿ ಉರಿಯೂತದ ಸಂಕೇತ ಹೊರಸೂಸುತ್ತವೆ. ಇಂಟರ್ಲ್ಯೂಕಿನ್-1ಅನ್ನು ತಡೆಯುವ, ಸಂಧಿವಾತಕ್ಕೆ ಬಳಸುವ ಅನಾಕಿನ್ರಾ ಔಷಧವನ್ನು ಡಿಶ್‌ನಲ್ಲಿ ಸೇರಿಸಿ ಅದನ್ನು ತಗ್ಗಿಸುವ ಪ್ರಯತ್ನವೂ ನಡೆದಿದೆ.

ಅಡ್ಡದಾರಿಗಳೂ ಇವೆ. ಕೋಶದ ಒರಟು ಜೋಡಣೆಯನ್ನು ತಡೆದು ಮಾದರಿ ದುರಸ್ತಿಯನ್ನು ಹೆಚ್ಚಿಸುವ ಎಝಡ್‌ಡಿ7648 ಎಂಬ ಅಣು ಡಿಶ್‌ನಲ್ಲಿ ಬೆರಗಾಗುವಂಥ ಅಂಕಿ ಕೊಟ್ಟಿತು. 2024ರಲ್ಲಿ ಆಳವಾಗಿ ನೋಡಿದಾಗ ಅದು ದೊಡ್ಡ ದೊಡ್ಡ ಡಿಎನ್‌ಎ ಭಾಗಗಳನ್ನೇ ಕಳೆಯುತ್ತದೆ ಎಂದು ಗೊತ್ತಾಯಿತು. ಸಾಮಾನ್ಯ ಪಿಸಿಆರ್ ಪರೀಕ್ಷೆಯಲ್ಲಿ ಕಳೆದುಹೋದ ಭಾಗ ಕಾಣುವುದೇ ಇಲ್ಲ, ಉಳಿದದ್ದು ಮಾತ್ರ ಕಂಡು ಅಂಕಿ ಇನ್ನಷ್ಟು ಚೆನ್ನಾಗಿ ತೋರುತ್ತದೆ. 2023ರ ಜನವರಿಯಲ್ಲಿ ಅಮೆರಿಕದಲ್ಲಿ ಸಿಕಲ್ ಸೆಲ್‌ಗೆ ಎಎವಿ6 ಮಾದರಿಯಿಂದ ಜೀನನ್ನೇ ತಿದ್ದುವ ಟ್ರಯಲ್ಲನ್ನು ಮೊದಲ ರೋಗಿಯ ನಂತರವೇ ನಿಲ್ಲಿಸಬೇಕಾಯಿತು. ರಕ್ತಕಣಗಳ ಎಣಿಕೆ ಬಹುಕಾಲ ಮೇಲೇಳಲಿಲ್ಲ. ಪಿ53 ಒಂದನ್ನೇ ಅದಕ್ಕೆ ಹೊಣೆ ಮಾಡಲಾಗದು. ಆದರೆ ಚೀಲದಲ್ಲಿ ಕೋಶದ ಸಂಖ್ಯೆ ಇದ್ದೂ ನೆಲೆಯೂರುವ ಶಕ್ತಿ ಬೇರೆಯೇ ಆಗಿರಬಹುದು ಎಂಬುದನ್ನು ಅದು ಮನುಷ್ಯರಲ್ಲೇ ತೋರಿಸಿತು.

ನೇರ ಮೈಗೆ ಚುಚ್ಚಿದರೆ

ಕೋಶ ತೆಗೆಯದೆ, ಬುಸಲ್ಫಾನ್ ಇಲ್ಲದೆ, ವೆಕ್ಟರನ್ನು ನರಕ್ಕೇ ಕೊಡುವ ಪ್ರಯತ್ನಗಳು ನಡೆಯುತ್ತಿವೆ. ಜಿಲ್ಲಾಕೇಂದ್ರದ ಆಸ್ಪತ್ರೆಗೂ ಈ ಚಿಕಿತ್ಸೆ ಎಂದಾದರೂ ತಲುಪಬೇಕೆಂದರೆ ಅದೇ ದಾರಿ. ಆದರೆ ಅಲ್ಲಿ ಕೋಶದೊಳಗಿನ ಕಾವಲಿನ ಜೊತೆಗೆ ಇಡೀ ದೇಹದ ಕಾವಲೂ ಎದುರಾಗುತ್ತದೆ: ಯಕೃತ್ತು, ಗುಲ್ಮಗಳ ಮ್ಯಾಕ್ರೋಫೇಜ್‌ಗಳು ವೆಕ್ಟರನ್ನು ನುಂಗುತ್ತವೆ, ಉರಿಯೂತ ಹೆಚ್ಚಿಸುವ ಐಎಲ್-6, ಐಎಲ್-1 ಚಿಮ್ಮುತ್ತವೆ. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ಅಡೆನೋವೈರಸ್ ವೆಕ್ಟರ್ ಪಡೆದ ನಾಲ್ಕು ದಿನಕ್ಕೆ ತೀರಿಕೊಂಡದ್ದು ಈ ಬಗೆಯ ಉರಿಯೂತದಿಂದ. ಪ್ರಾಣಿಗಳಲ್ಲಿ ಈಗ ಡೆಕ್ಸಾಮೆಥಾಸೋನ್, ಅನಾಕಿನ್ರಾ, ಟೋಸಿಲಿಜುಮ್ಯಾಬ್ ಮುಂಚಿತವಾಗಿ ಕೊಟ್ಟು ಇದನ್ನು ತಗ್ಗಿಸುತ್ತಾರೆ. ಆಕರಕೋಶದ ಸಿಡಿ117 ಗುರುತನ್ನು ಹಿಡಿಯುವ ಪ್ರತಿಕಾಯ ಅಂಟಿಸಿದ ಲಿಪಿಡ್ ನ್ಯಾನೋಕಣದಲ್ಲಿ ಎಂಆರ್‌ಎನ್‌ಎ ಕಳಿಸುವ ದಾರಿಯೂ ಇಲಿಗಳಲ್ಲಿ ತೆರೆದಿದೆ.

ಟ್ರಯಲ್ಲಿಗೆ ಸೇರುವ ಮುನ್ನ

ಯಾವುದೇ ಟ್ರಯಲ್ಲಿನ ವೈದ್ಯರು ಶೇಕಡಾವಾರು ಹೇಳಿದರೆ, ಅದು ಯಾವ ದಿನದ ಅಳತೆ ಎಂದು ಕೇಳಿ. ಮೂರನೆಯ ದಿನದ್ದೋ, 14 ದಿನದ ಕಾಲೊನಿ ಪರೀಕ್ಷೆಯದ್ದೋ, ರೋಗಿಯ ರಕ್ತದಲ್ಲಿ ವರ್ಷದ ಮೇಲೆ ನೋಡಿದ್ದೋ? ಕೋಶವೊಂದಕ್ಕೆ ಸರಾಸರಿ ಎಷ್ಟು ವೆಕ್ಟರ್ ಪ್ರತಿ ಸೇರಿದೆ ಎಂದೂ ಕೇಳಬೇಕು. ಹೆಚ್ಚಿದ್ದರೆ ಒಳ್ಳೆಯದು ಎಂದಲ್ಲ. ಮಿದುಳನ್ನು ಕೆಡಿಸುವ ಅಡ್ರಿನೋಲ್ಯೂಕೋಡಿಸ್ಟ್ರೋಫಿ ಎಂಬ ಆನುವಂಶಿಕ ಕಾಯಿಲೆಗೆ ಕೊಟ್ಟ ಲೆಂಟಿವೈರಲ್ ಚಿಕಿತ್ಸೆಯಲ್ಲಿ 67 ಮಕ್ಕಳ ಪೈಕಿ 7 ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂದುದು 2024ರಲ್ಲಿ ವರದಿಯಾಯಿತು. ವೆಕ್ಟರಿನ ಪ್ರಬಲ ಪ್ರೊಮೋಟರ್, ಅಂದರೆ ಜೀನನ್ನು ಚಾಲೂ ಮಾಡುವ ಭಾಗ, ಪಕ್ಕದ ಜೀನುಗಳನ್ನು ಕೆಣಕಿದ್ದು ಕಾರಣ. ಕೋಶದ ತಡೆ ಸಡಿಲಿಸಿ ಪ್ರತಿಗಳನ್ನು ತುಂಬುವುದಕ್ಕೂ ಮಿತಿಯಿದೆ. ತಿದ್ದದ ಕೋಶವನ್ನು ಕಾಯ್ದಿರಿಸಿದ್ದಾರೆಯೇ ಎಂಬುದು ಬಿಡಲೇಬಾರದ ಪ್ರಶ್ನೆ. ಎಚ್‌ಎಲ್‌ಎ (ಅಂಗಾಂಶದ ಗುರುತು) ಹೊಂದುವ ಅಣ್ಣತಮ್ಮ, ಅಕ್ಕತಂಗಿ ಇರುವ ಥಲಸ್ಸೇಮಿಯಾ ಮಗುವಿಗೆ ಇಂದಿಗೂ ಮೊದಲು ಯೋಚಿಸಬೇಕಾದದ್ದು ಮಜ್ಜೆಯ ಕಸಿಯನ್ನೇ. ಕೋಲ್ ಇಂಡಿಯಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ ಅದಕ್ಕೆ 10 ಲಕ್ಷ ರೂಪಾಯಿವರೆಗೆ ನೆರವಿದೆ.

ನಮ್ಮ ಕಡೆಯವರಿಗೆ ದಿನಾಂಕವೂ ಮುಖ್ಯ. ಕೋಶ ಸಂಗ್ರಹದ ಹೊತ್ತಿಗೆ ಮೈಯಲ್ಲಿ ಸೋಂಕಿದ್ದರೆ ಇಂಟರ್ಫೆರಾನ್ ಆಗಲೇ ಎದ್ದಿರುತ್ತದೆ. ಸಣ್ಣ ಜ್ವರವನ್ನೂ ಮುಚ್ಚಿಡದೆ ಹೇಳಿ, ಸಂಗ್ರಹ ಮುಂದೂಡಿಸಿಕೊಳ್ಳುವುದೇ ಲಾಭ. ಮಂಗನ ಕಾಯಿಲೆಯ ಕಾಲ ಸುಮಾರು ಡಿಸೆಂಬರಿನಿಂದ ಮೇವರೆಗೆ. ಆ ಜ್ವರದಲ್ಲಿ ಬಿಳಿರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ. ಸೊಪ್ಪಿನಬೆಟ್ಟಕ್ಕೆ ದರಕು (ಒಣ ಎಲೆ) ತರಲು ಹೋಗುವ, ಕಾಡಿಗೆ ದನ ಬಿಡುವ ಮನೆಯಾದರೆ ಅದನ್ನು ಚಿಕಿತ್ಸೆಯ ತಂಡಕ್ಕೆ ಮೊದಲೇ ತಿಳಿಸಬೇಕು. ದೂರದ ನಗರದ ವೈದ್ಯರಿಗೆ ಅದು ತಾನಾಗಿ ಹೊಳೆಯುವ ಸಂಗತಿಯಲ್ಲ. ಮಜ್ಜೆ ಖಾಲಿಯಾಗಿ ಮತ್ತೆ ತುಂಬುವ ತಿಂಗಳುಗಳು ಮಳೆಗಾಲದಲ್ಲಿ ಬೀಳುವಂತೆ ಹೊಂದಿಸಲು ಸಾಧ್ಯವಿದ್ದರೆ ಉಣುಗಿನ ಅಪಾಯ ಕಡಿಮೆ, ಆದರೆ ಡೆಂಗಿ ಸೊಳ್ಳೆಗೆ ಪರದೆ ಕಟ್ಟಬೇಕು. ಬೇಸಿಗೆಯಲ್ಲೇ ಮನೆಗೆ ಮರಳಬೇಕಾದರೆ ಬೆಟ್ಟದಿಂದ ಬಂದವರು ಬಟ್ಟೆ ಬದಲಿಸಿ ಬಿಸಿನೀರಿನಲ್ಲಿ ಸ್ನಾನ ಮಾಡಿಯೇ ಮಗುವಿನ ಹತ್ತಿರ ಹೋಗಬೇಕು, ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಗುವನ್ನು ಮಲಗಿಸಬಾರದು, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.